ಹಳೆಯ ಬೀಟೆ ಮೇಜಿಗೆ ಬೇಸಿನ್ ಕೂರಿಸುವವರು ದಯವಿಟ್ಟು ಓದಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೆಯ ಮನೆಯನ್ನು ಕಳೆದ ವರ್ಷ ದುರಸ್ತಿ ಮಾಡಿಸಿದೆವು. ಹೆಂಚು ಹೊದಿಸಿದವರೂ ಜಂಬಿಟ್ಟಿಗೆ ಗೋಡೆಗೆ ಸುಣ್ಣದ ಗಾರೆ ಬಳಿದವರೂ ಒಪ್ಪವಾಗಿಯೇ ಕೆಲಸ ಮಾಡಿಕೊಟ್ಟರು. ನಾನು ಮೋಸ ಹೋದದ್ದು ಒಂದು ಮೇಜಿನ ವಿಷಯದಲ್ಲಿ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅದು ಅಜ್ಜ ಅಡಿಕೆಯ ಲೆಕ್ಕ ಬರೆಯುತ್ತಿದ್ದ ಬೀಟೆ ಮರದ ಮೇಜು. ಮೂರು ಖಾನೆ, ಹಿತ್ತಾಳೆಯ ಹಿಡಿ, ಮೇಲ್ಹಲಗೆಯ ನಡುವೆ ಅಂಗೈಯಗಲದ ಶಾಯಿ ಕಲೆ. ಅದರ ಮೇಲೆ ಪಿಂಗಾಣಿ ಬೇಸಿನ್ ಕೂರಿಸಿದರೆ ಮೇಜು ಅಟ್ಟ ಸೇರದೆ ದಿನವೂ ಕಣ್ಣೆದುರಿಗೇ ಇರುತ್ತದೆ ಎಂಬುದು ನನ್ನ ಆಸೆಯಾಗಿತ್ತು. ಗುತ್ತಿಗೆದಾರರು ಮಾತನಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಮೇಜು 30 ಅಂಗುಲ, ಬೇಸಿನ್ 5 ಅಂಗುಲ, ಎರಡೂ ಸೇರಿದರೆ ಕೈ ತೊಳೆಯಲು ಎತ್ತರ ಹೆಚ್ಚಾಗುತ್ತದೆ, ಆದ್ದರಿಂದ ಕಾಲುಗಳನ್ನು 2 ಅಂಗುಲ ಕೊಯ್ಯಬೇಕು. ನೀರಿಳಿಯುವ ಪೈಪಿಗಾಗಿ ನಡುವಿನ ಖಾನೆಯ ಹಿಂಬದಿಯನ್ನು ತೆಗೆಯಬೇಕು. ಅರಗಿನ ಪಾಲಿಶ್ ನೀರು ಬಿದ್ದರೆ ಬೆಳ್ಳಗಾಗುವುದರಿಂದ ನೀರು ತಡೆಯುವ ಪಿ.ಯು. (ಪಾಲಿಯುರೆಥೇನ್) ಕೋಟಿಂಗ್ ಕೊಡಬೇಕು ಎಂದರು. ಮನೆಯ ಧೂಳಿನಲ್ಲಿ ಆ ಕೋಟಿಂಗ್ ನಿಲ್ಲುವುದಿಲ್ಲ, ವರ್ಕ್‌ಶಾಪಿಗೇ ಒಯ್ಯಬೇಕು ಎಂದಾಗ ಒಪ್ಪಿ, 38,000 ರೂಪಾಯಿಯಲ್ಲಿ 25,000 ಮುಂಗಡ ಕೊಟ್ಟೆ. ಬಿಲ್ ಕೇಳಲಿಲ್ಲ.

ಮೇಜನ್ನು ಒಯ್ಯುವಾಗ ನಾಲ್ಕು ಜನ ಏದುಸಿರು ಬಿಟ್ಟು ಹೊತ್ತಿದ್ದರು. ತಿಂಗಳ ನಂತರ ಇಬ್ಬರು ಹುಡುಗರು ಅದನ್ನು ಸಲೀಸಾಗಿ ಎತ್ತಿ ತಂದು ಒಳಗಿಟ್ಟರು. ಅದನ್ನು ನಾನು ಕಣ್ಣಾರೆ ನೋಡಿದೆ. ಇಷ್ಟು ಹಗುರ ಹೇಗೆ ಎಂದು ಕೇಳಿದ್ದಕ್ಕೆ ಗುತ್ತಿಗೆದಾರರು, "ಹಳೇ ಮರ ಅಲ್ವಾ ಮೇಡಂ, ಕಾಲು ಬೇರೆ ಕೊಯ್ದಿದೀವಿ, ಹಗುರ ಆಗತ್ತೆ" ಎಂದರು. ಶಾಯಿ ಕಲೆ ಎಲ್ಲಿ ಎಂದರೆ, "ಬೇಸಿನ್ ಅಡಿಗೆ ಹೋಯ್ತು" ಎಂದರು. ಖಾನೆಗಳ ಮುಖ ನಮ್ಮದೇ, ಹಿತ್ತಾಳೆಯ ಹಿಡಿಗಳೂ ನಮ್ಮವೇ. ಅವನ್ನು ಕೈಯಲ್ಲಿ ಸವರಿ ನಂಬಿಬಿಟ್ಟೆ. ಉಳಿದ ಹಣವನ್ನೂ ಅಂದೇ ಕೊಟ್ಟೆ.

ನಾಲ್ಕು ತಿಂಗಳಿಗೆ ಬೇಸಿನ್ನಿನ ಬುಡದಲ್ಲಿ ನೀರು ಜಿನುಗತೊಡಗಿತು. ಪೇಟೆಯಿಂದ ಬಂದ ಪ್ಲಂಬರ್ ಬೇಸಿನ್ ಬಿಚ್ಚಿ ಎತ್ತಿದಾಗ ಅಲ್ಲಿ ಶಾಯಿ ಕಲೆ ಇರಲಿಲ್ಲ. ಕೊರೆದ ತೂತಿನ ಅಂಚಿನಲ್ಲಿ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರ, ನೀರು ಕುಡಿದು ಉಬ್ಬಿತ್ತು. ಆತ ಉಗುರಿನಿಂದ ಎಬ್ಬಿಸಿದೊಡನೆ ಮೇಲೆ ಅಂಟಿಸಿದ್ದ ಬೀಟೆ ಬಣ್ಣದ ವಿನಿಯರ್ (ಮರದ ತೆಳು ಹಾಳೆ) ಕಾಗದದಂತೆ ಸುರುಳಿಯಾಗಿ ಕಿತ್ತು ಬಂತು. "ಇದು ಸಾದಾ ಪ್ಲೈವುಡ್, ನೀರಿನ ಜಾಗಕ್ಕೆ ಹಾಕೋ ಮೆರೈನ್ ಪ್ಲೈ ಕೂಡ ಅಲ್ಲ" ಎಂದ. ಹೊರಗಿನವರ ಎದುರು ನನಗೆ ತಲೆ ಎತ್ತಲಾಗಲಿಲ್ಲ.

ಅಂದೇ ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಮೊದಲು "ನೀರು ತಾಗಿದ್ರೆ ಯಾವ ಮರ ಆದ್ರೂ ಉಬ್ಬತ್ತೆ" ಎಂದರು. ಫೋಟೊ ಕಳಿಸಿದ ಮೇಲೆ "ಹಳೇ ಹಲಗೆಗೆ ಗೆದ್ದಲು ಹಿಡಿದಿತ್ತು, ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ" ಎಂದರು. ಬೀಟೆಯ ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲವೆಂಬುದು ಮಲೆನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ಹಲಗೆಯನ್ನಾದರೂ ಹಿಂದಿರುಗಿಸಿ ಎಂದೆ. "ಒಲೆಗೆ ಹಾಕ್ಬಿಟ್ವಿ" ಎಂದರು. ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹೊಸ ಮರ ಸಿಗುವುದು ಕಷ್ಟ. ಅದಕ್ಕೇ ಹಳೆಯ ಹಲಗೆಗೆ ಇಷ್ಟು ಬೇಡಿಕೆ. ಅದನ್ನು ಒಲೆಗೆ ಹಾಕಿದರೆಂದು ನಾನು ನಂಬಬೇಕಂತೆ! ಕೊನೆಗೆ 5,000 ರೂಪಾಯಿ ಕೊಡುತ್ತೇನೆಂದರು, ಬೇಡವೆಂದೆ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದರು.

ಹಳೆಯ ಮರದ ಸಾಮಾನನ್ನು ಅಂಗಳ ದಾಟಲು ಬಿಡಬೇಡಿ. ಕೋಟಿಂಗ್ ಸ್ವಲ್ಪ ಒರಟಾದರೂ ಚಿಂತೆಯಿಲ್ಲ, ಕೊಯ್ಯುವುದು, ಕೊರೆಯುವುದು ನಿಮ್ಮ ಕಣ್ಣೆದುರಿಗೇ ಆಗಲಿ. ಕಳಿಸಲೇಬೇಕಾದರೆ ತೂಕ ಮಾಡಿಸಿ, ಅಡಿಭಾಗದ ಫೋಟೊ ತೆಗೆದಿಡಿ, ಬಿಲ್ಲಿನಲ್ಲಿ ಮರದ ಹೆಸರು ಬರೆಸಿಕೊಳ್ಳಿ. ಗ್ರಾಹಕರ ಆಯೋಗಕ್ಕೆ ದೂರು ಬರೆಯಲು ಕುಳಿತಾಗ ನನ್ನ ಬಳಿ ಇದ್ದದ್ದು ಫೋನಿನಲ್ಲಿ ಹಣ ಕಳಿಸಿದ ದಾಖಲೆ ಮತ್ತು ಆ ಕಿತ್ತುಬಂದ ವಿನಿಯರ್ ತುಂಡು, ಅಷ್ಟೇ.

ತೀರ್ಥಹಳ್ಳಿ, ಶಿವಮೊಗ್ಗದ ಕಡೆ ಯಾರಾದರೂ ನಿಮಗೆ ನಡುವೆ ಶಾಯಿ ಕಲೆಯಿರುವ, ಎಡ ಅಂಚಿನಲ್ಲಿ ದೀಪದ ಬಿಸಿಗೆ ಕರಕಾದ ಗುರುತಿರುವ ಬೀಟೆ ಹಲಗೆಯನ್ನು ಮಾರಲು ತಂದರೆ, ಕೊಳ್ಳುವ ಮೊದಲು ದಯವಿಟ್ಟು ನನಗೊಂದು ಮಾತು ತಿಳಿಸಿ.