ರೀಫ್ ಟ್ಯಾಂಕಿಗೆ ಕಲ್ಲು ಕಟ್ಟಿಸುವವರೇ, ಮುಂಗಡ ಕೊಡುವ ಮುಂಚೆ ಇದನ್ನು ಓದಿ

ಬೆಳಗಾವಿಯಲ್ಲಿ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಸಮುದ್ರದ ಮೀನು, ಹವಳ ಸಾಕುವ ಗಾಜಿನ ತೊಟ್ಟಿ, ಇಟ್ಟವರು ಬೆರಳೆಣಿಕೆಯಷ್ಟು ಜನ. ಹಾಗಾಗಿ ಟ್ಯಾಂಕಿನೊಳಗೆ ಇಡುವ ಕಲ್ಲು ಮಾಡಿಕೊಡುತ್ತೇನೆ ಅನ್ನುವ ಈ ಮನುಷ್ಯ ಇವತ್ತಲ್ಲ ನಾಳೆ ನಿಮ್ಮ ಮನೆ ಬಾಗಿಲಿಗೂ ಬರುತ್ತಾನೆ. ದೂರು ಕೊಟ್ಟಿದ್ದೇನೆ, ಅದಿನ್ನೂ ನಡೆಯುತ್ತಿದೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಆದರೆ ಅವನು ಹೇಗೆ ಮಾತಾಡುತ್ತಾನೆ, ಏನು ಹೇಳಿ ಮಾರುತ್ತಾನೆ, ಎಲ್ಲ ಬರೆಯುತ್ತೇನೆ. ಮಾತು ಕೇಳಿದ ಕೂಡಲೇ ನಿಮಗೆ ಗುರುತು ಸಿಗುತ್ತೆ. ದಯವಿಟ್ಟು ಮುಂಗಡ ಕೊಡಬೇಡಿ.

ನಮ್ಮ ಮನೆ ಟಿಳಕವಾಡಿಯಲ್ಲಿ. ಚಿಕ್ಕ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಸ್ವಲ್ಪ ಮೆತ್ತನೆಯ ಹವಳ ಇವೆ. ಅವಕ್ಕಾಗಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ದೊಡ್ಡ ಟ್ಯಾಂಕ್ ಮಾಡಿಸಿದೆ. ಒಳಗೆ ಮೂರಡಿಯ ಒಂದು ಕಮಾನು, ಎರಡು ಕಡೆ ಹವಳ ಕೂರಿಸೋಕೆ ಚಾಚು. ಇಷ್ಟೇ ನನ್ನ ಆಸೆ.

ಸಮುದ್ರದ ಹವಳದ ಕಲ್ಲನ್ನು ನಮ್ಮ ದೇಶದಲ್ಲಿ ಮುಟ್ಟುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಗಟ್ಟಿ ಹವಳಗಳನ್ನು ಸೇರಿಸಿದ್ದಾರೆ. ಹಾಗಾಗಿ ಕೈಯಲ್ಲಿ ಮಾಡಿದ ಕಲ್ಲು ಬಳಸೋದರಲ್ಲಿ ಏನೂ ತಪ್ಪಿಲ್ಲ. ಬಿಳಿ ಸಿಮೆಂಟು, ಅರಗೊನೈಟ್ ಮರಳು (ಸುಣ್ಣದ ಅಂಶದ ಮರಳು), ಚಿಪ್ಪಿನ ಪುಡಿ, ಜೊತೆಗೆ ಕಲ್ಲುಪ್ಪು ಕಲಸಿ ಅಚ್ಚು ಹಾಕುತ್ತಾರೆ. ಉಪ್ಪು ಕರಗಿದ ಜಾಗದಲ್ಲಿ ತೂತುಗಳು ಉಳಿಯುತ್ತವೆ, ಬ್ಯಾಕ್ಟೀರಿಯಾ ಮನೆ ಮಾಡೋದು ಅಲ್ಲೇ. ಆಮೇಲೆ ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಸುಣ್ಣ ಬಿಡಿಸಬೇಕು. ಹೊಸದಾಗಿ ಸಿಮೆಂಟ್ ತೊಟ್ಟಿ ಕಟ್ಟಿಸಿದವರು ನೀರು ತುಂಬಿ ತುಂಬಿ ಚೆಲ್ಲೋದು ಇದಕ್ಕೇ ಅಲ್ವಾ? ಈ ಕ್ಯೂರಿಂಗ್ ಆಗದಿದ್ದರೆ ಆ ಕಲ್ಲು ಟ್ಯಾಂಕಿಗೆ ವಿಷ.

ಇದೆಲ್ಲ ಅವನಿಗೂ ಗೊತ್ತು. ಮೊದಲ ದಿನ ಅವನೇ ನನಗೆ ಪಾಠ ಹೇಳಿದಂತೆ ಹೇಳಿದ. ಮಾತು ಪಕ್ಕಾ ಆಯಿತು. ಒಳಗೆ ಕಬ್ಬಿಣ ಇರಬಾರದು, ತುಂಡು ಜೋಡಿಸೋಕೆ ಅಕ್ರಿಲಿಕ್ ಕಡ್ಡಿ. ಗಾಜು ಒರೆಸುವ ಮ್ಯಾಗ್ನೆಟ್ ಓಡಾಡೋಕೆ ಸುತ್ತ ನಾಲ್ಕು ಇಂಚು ಜಾಗ. ಕ್ಯೂರಿಂಗ್ ಪೂರ್ತಿ ಅವನ ಹೊಣೆ. ಒಟ್ಟು 26,000 ರೂಪಾಯಿ, ಮುಂಗಡ 18,000. ಬಿಲ್ ಕೇಳಿದರೆ ಒಂದು ಬಿಳಿ ಚೀಟಿ ಬರೆದು ಕೊಟ್ಟ.

ಕಲ್ಲು ಬಂತು. ನೋಡೋಕೆ ಚೆನ್ನಾಗಿಯೇ ಇತ್ತು, ಅದನ್ನು ಸುಳ್ಳು ಹೇಳಲ್ಲ. ಆದರೆ ಪೂರ್ತಿ ನೇರಳೆ ಬಣ್ಣ. "ಇದೇನ್ರಿ ಬಣ್ಣ?" ಅಂತ ಕೇಳಿದೆ. "ಕೋರಲೈನ್ ಹತ್ತೇತ್ರಿ ಅಕ್ಕಾರ. ಎರಡ ತಿಂಗಳ ನೀರಾಗ ಇಟ್ಟೇನಲ್ರಿ, ಅದಕ್ಕ." ಕೋರಲೈನ್ ಅಂದರೆ ಟ್ಯಾಂಕಿನ ಕಲ್ಲಿನ ಮೇಲೆ ಬೆಳೆಯುವ ನೇರಳೆ ಪಾಚಿ, ಅದಕ್ಕೆ ಬೆಳಕು ಬೇಕು. ಈ ಕಲ್ಲಿನ ಅಡಿಭಾಗ ಕೂಡ ಅಷ್ಟೇ ನೇರಳೆ. ಅದನ್ನೂ ಕೇಳಿದೆ. "ತಿರುವಿ ತಿರುವಿ ಇಟ್ಟೇನ್ರಿ" ಅಂದ. ಎಲ್ಲದಕ್ಕೂ ಉತ್ತರ ರೆಡಿ. ಉಳಿದ 8,000 ಇಸಕೊಂಡ.

ನೀರು ಆಗಲೇ ತಯಾರಿತ್ತು. ಆರ್‌ಓ-ಡಿಐ ನೀರು (ಶೋಧಿಸಿ ಲವಣ ತೆಗೆದ ಶುದ್ಧ ನೀರು), ಉಪ್ಪು ಬೆರೆಸಿದ ಮೇಲೆ ಸಾಂದ್ರತೆ 1.025, ಪಿಎಚ್ 8.2. ಪಿಎಚ್ ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಸಿಮೆಂಟಿನ ಸುಣ್ಣ ಬಿಟ್ಟರೆ ಅದು ಏರುತ್ತೆ. ಅವನ ಎದುರೇ ಟೆಸ್ಟ್ ಮಾಡಿ ತೋರಿಸಿದೆ. ಕಮಾನು ಕೂರಿಸಿದ ಮೇಲೆ ತಾನೇ ತಂದಿದ್ದ ಮೂರು ಸಮುದ್ರದ ಬಸವನಹುಳು ತೆಗೆದು ಬಿಟ್ಟ. "ನೋಡ್ರಿ ಅಕ್ಕಾರ, ನನಗ ಖಾತ್ರಿ ಇಲ್ಲಂದ್ರ ನಾ ಬಿಡ್ತಿದ್ನೇನ್ರಿ? ನಾಳೆ ನೀವು ಮೀನ ಬಿಡ್ರಿ." ಈ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಬೆಳಿಗ್ಗೆ ಎದ್ದು ನೋಡಿದರೆ ನೀರು ಹಾಲಿನ ಹಾಗೆ ಬೆಳ್ಳಗೆ. ಹೀಟರ್ ಮೇಲೆ ಬಿಳಿ ಪುಡಿ ಕೂತಿದೆ. ಮೂರೂ ಹುಳು ಮರಳಿನ ಮೇಲೆ ಮಗುಚಿ ಬಿದ್ದು ಸತ್ತಿವೆ. ಟೆಸ್ಟ್ ಕಿಟ್ಟಿನ ಕೊನೆಯ ಬಣ್ಣ 8.8, ಅದನ್ನೂ ದಾಟಿ ಕಡುವಾಯಿತು. ಪಿಎಚ್ ಪೆನ್ ಅದ್ದಿದೆ. 10.3. ರೀಫ್ ಟ್ಯಾಂಕಿಗೆ ಬೇಕಾಗಿರೋದು 8.1ರಿಂದ 8.4. ಅವನ ಮಾತು ನಂಬಿ ನನ್ನ ಮೀನು ಬಿಟ್ಟಿದ್ದರೆ ಅವೂ ಹೋಗುತ್ತಿದ್ದವು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ಓದಿ. ಮೊದಲು: "ಮರಳಿನ ಧೂಳ್ರಿ ಅದು, ಸಂಜೀಕ ತಿಳಿ ಆಕ್ಕೈತಿ." ಸಂಜೆಗೆ ತಿಳಿಯಾಗಲಿಲ್ಲ. "ನಿಮ್ಮ ಕಿಟ್ ಕೆಟ್ಟಿರಬೇಕ್ರಿ." ಚಿಕ್ಕ ಟ್ಯಾಂಕಿನ ನೀರಿಗೆ ಅದೇ ಪೆನ್ ಅದ್ದಿ 8.2 ತೋರಿಸುವ ಫೋಟೋ ಕಳಿಸಿದೆ. "ಹಂಗಾದ್ರ ರಕ್ಕಸಕೊಪ್ಪದ ನೀರಿನ ದೋಷ." ನಲ್ಲಿ ನೀರು ನಾನು ಹಾಕೇ ಇಲ್ಲ, ನಿನ್ನೆ ನೀನೇ ನಿಂತು ನೋಡಿದೆಯಲ್ಲಪ್ಪ! ಅದಕ್ಕೆ ಬಂದ ಉತ್ತರ: "ಅಕ್ಕಾರ, ನಿಮಗ ತಿಳಿಯಂಗಿಲ್ರಿ ಇದು. ಮನ್ಯಾಗ ಸಾಹೇಬ್ರಿಗೆ ಫೋನ್ ಕೊಡ್ರಿ."

ಸಾಹೇಬ್ರಿಗೆ ಫೋನ್ ಕೊಡಬೇಕಂತೆ. ದುಡ್ಡು ಕೊಡುವಾಗ ನಾನು ಬೇಕಿತ್ತು, ಆಗ ಸಾಹೇಬ್ರು ನೆನಪಾಗಲಿಲ್ಲ. ನಮ್ಮ ಮನೆಯವರಿಗೆ ಪಿಎಚ್ ಅಂದರೆ ಏನು ಅಂತಲೂ ಗೊತ್ತಿಲ್ಲ. ಟ್ಯಾಂಕ್ ನನ್ನದು, ದುಡ್ಡು ನನ್ನದು, ಲೆಕ್ಕ ಕೇಳುವವಳೂ ನಾನೇ.

ಕಲ್ಲನ್ನು ಹೊರಗೆ ತೆಗೆಯೋಣ, ಡ್ರಮ್ಮಿನಲ್ಲಿ ನಾನೇ ನೆನೆಹಾಕೋಣ ಅಂತ ಎತ್ತಿದೆ. ಒಂದು ಕಡೆಯ ಚಾಚು ಹಾಗೇ ಕೈಗೆ ಬಂತು. ಅಂಗೈ ಪೂರ್ತಿ ನೇರಳೆ ಬಣ್ಣ.

ಮುರಿದ ಜಾಗ ನೋಡಿದೆ. ಹೊರಗೆ ತೆಳ್ಳಗೆ ನೇರಳೆ ಬಣ್ಣ. ಅದರ ಒಳಗೆ ಅರ್ಧ ಇಂಚು ಬೂದಿ ಬಣ್ಣದ ಮಾಮೂಲಿ ಸಿಮೆಂಟು, ಬಿಳಿ ಸಿಮೆಂಟು ಕೂಡ ಅಲ್ಲ. ಅದರೊಳಗೆ ಸೆಂಟ್ರಿಂಗ್ ಕೆಲಸದವರು ಸರಳು ಕಟ್ಟುವ ಬೈಂಡಿಂಗ್ ತಂತಿ, ಆಗಲೇ ತುಕ್ಕು ಹಿಡಿದದ್ದು. ನಟ್ಟನಡುವೆ ಕೆಂಪು ಕಲ್ಲು. ನಮ್ಮ ಬೆಳಗಾವಿ, ಖಾನಾಪುರದ ಕಡೆ ಮನೆ ಕಟ್ಟೋಕೆ ಬಳಸ್ತಾರಲ್ಲ, ಅದೇ ಕೆಂಪು ಕಲ್ಲಿನ ಚೂರು! ಕಬ್ಬಿಣದ ಅಂಶವೇ ತುಂಬಿರುವ ಕಲ್ಲು. ಅರಗೊನೈಟ್ ಅಂತ ಹೇಳಿ 26,000 ರೂಪಾಯಿಗೆ ನನಗೆ ಕೆಂಪು ಕಲ್ಲು ಮಾರಿದ್ದಾನೆ. ಅಂಗಳದಲ್ಲಿ ಬೇಡ ಅಂದರೂ ಸಿಗುವ ಕಲ್ಲು. ಒದ್ದೆ ಕೈಯಲ್ಲಿ ಆ ತುಂಡು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಯಾರಿಗಾದರೂ ಹೇಳೋಕೂ ನಾಚಿಕೆ ಆಯಿತು.

ಆದರೂ ಖಾತ್ರಿಗೆ ವಿನೆಗರ್ ಹಾಕಿದೆ, ಸುಣ್ಣದ ಅಂಶ ಇದ್ದರೆ ನೊರೆ ಬರಬೇಕು. ಅರಗೊನೈಟ್ ಮರಳಿನ ಮೇಲೆ ನಾಲ್ಕು ಹನಿ ಬಿಟ್ಟರೆ ಬುಸುಬುಸು ನೊರೆ ಬಂತು. ಕೆಂಪು ಕಲ್ಲು ಸುಮ್ನೆ ಕುಡಿದುಬಿಟ್ಟಿತು, ಒಂದು ಗುಳ್ಳೆಯೂ ಇಲ್ಲ. ವಿಡಿಯೋ ಮಾಡಿ ಅವನಿಗೆ ಕಳಿಸಿದೆ.

ವಿಡಿಯೋ ನೋಡಿದ. ತುಂಬಾ ಹೊತ್ತಿನ ಮೇಲೆ ಬರೆದ: "ಒಳಗ ಭಾರಕ್ಕ ಏನರ ಹಾಕಬೇಕಾಕ್ಕೈತ್ರಿ, ಎಲ್ಲಾರೂ ಹಾಕ್ತಾರ." ದುಡ್ಡು ವಾಪಸ್ ಕೊಡು ಅಂದೆ. ಆಗ ಹೇಳಿದ್ದು ಕೇಳಿ: "ರೊಕ್ಕ ಬ್ಯಾಡ್ರಿ ಅಕ್ಕಾರ, ಒರಿಜಿನಲ್ ಸಮುದ್ರದ ಹವಳದ ಕಲ್ಲು ತರಿಸಿ ಕೊಡ್ತೇನಿ, ಯಾರಿಗೂ ಹೇಳಬ್ಯಾಡ್ರಿ." ಅಂದರೆ ಮೊದಲು ಮೋಸ, ಅದನ್ನು ಮುಚ್ಚೋಕೆ ಅಪರಾಧ! ಮೊದಲ ಅನುಸೂಚಿಯ ಜೀವಿ ಇಟ್ಟುಕೊಂಡರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಅದು ಬಂದು ಬೀಳೋದು ನನ್ನ ತಲೆ ಮೇಲೆ, ನನ್ನ ಮನೆ ಮೇಲೆ. ಅವನಾದರೂ "ಕೊಟ್ಟೇ ಇಲ್ಲ" ಅನ್ನುತ್ತಾನೆ, ಬಿಲ್ ಇಲ್ಲವಲ್ಲ. ಬೇಡ, ದುಡ್ಡೇ ಬೇಕು ಅಂತ ಬರೆದೆ. ಅಲ್ಲಿಗೆ ಬ್ಲಾಕ್ ಮಾಡಿದ.

ಟ್ಯಾಂಕಿನ ನೀರು ಪೂರ್ತಿ ಚೆಲ್ಲಬೇಕಾಯಿತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹೆಚ್ಚುಕಡಿಮೆ 15 ಕೆಜಿ ಸಮುದ್ರದ ಉಪ್ಪು ಮೋರಿ ಪಾಲು. ಅದನ್ನು ಯಾರು ಕೊಡುತ್ತಾರೆ?

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ವಾಟ್ಸಾಪ್ ಮಾತು, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಆ ಬಿಳಿ ಚೀಟಿ ಎಲ್ಲ ಇಟ್ಟುಕೊಂಡಿದ್ದೇನೆ. ನಿಮಗೂ ಹೀಗಾಗಿದ್ದರೆ ಏನನ್ನೂ ಅಳಿಸಬೇಡಿ.

ಕಲ್ಲು ಕಟ್ಟಿಸಲೇಬೇಕು ಅನ್ನುವವರು ಬಣ್ಣ ಬಳಿದದ್ದನ್ನು ತಗೋಬೇಡಿ. ಕೋರಲೈನ್ ತಾನಾಗಿ ನಿಧಾನಕ್ಕೆ ಬರುತ್ತೆ. ಅದೇ ಮಾಲಿನ ಒಂದು ತುಂಡು ನಿಮ್ಮ ಎದುರೇ ಒಡೆಸಿ ಒಳಗೆ ನೋಡಿ, ವಿನೆಗರ್ ಹಾಕಿ. "ಕ್ಯೂರಿಂಗ್ ಆಗೇತಿ" ಅನ್ನುವ ಮಾತು ನಂಬಬೇಡಿ. ಅವನ ಡ್ರಮ್ಮಿನಲ್ಲೇ ಹೊಸ ನೀರು ಹಾಕಿಸಿ ಒಂದು ವಾರ ಬಿಟ್ಟು ನೀವೇ ಪಿಎಚ್ ನೋಡಿ. 8.4 ದಾಟಿದರೆ ಹಣ ಕೊಡಬೇಡಿ. ಮುಂಗಡ ಅಂತ ಅರ್ಧಕ್ಕಿಂತ ಜಾಸ್ತಿ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಮುರಿದ ಚಾಚು ಇನ್ನೂ ನನ್ನ ಹತ್ತಿರವೇ ಇದೆ, ಆಯೋಗದ ಮುಂದೆ ಇಡೋಕೆ. ಬೆಳಗಾವಿಯಲ್ಲಿ ಯಾರಾದರೂ ಇವನ ಜೊತೆ ಮಾತುಕತೆ ನಡೆಸುತ್ತಿದ್ದರೆ, ದುಡ್ಡು ಕೊಡುವ ಮುಂಚೆ ನನಗೆ ಒಂದು ಮೆಸೇಜ್ ಹಾಕಿ. ಮನೆಗೆ ಬನ್ನಿ, ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ.