ಹಲ್–ರಾಟರ್‌ಡ್ಯಾಮ್ ರಾತ್ರಿ ಫೆರಿ: ಲಾರಿ ಡ್ರೈವರ್‌ಗೆ 11 ಗಂಟೆ ವಿಶ್ರಾಂತಿ ಕೂಡುತ್ತದೆಯೇ?

ಇಂಗ್ಲೆಂಡಿನ ಹಲ್‌ನಿಂದ ನೆದರ್ಲ್ಯಾಂಡ್ಸ್‌ನ ಯೂರೋಪೋರ್ಟ್‌ಗೆ, ಅಂದರೆ ರಾಟರ್‌ಡ್ಯಾಮ್ ಬಂದರಿಗೆ, ಪಿ ಅಂಡ್ ಓ ಕಂಪನಿಯ ಫೆರಿ ಸಂಜೆ ಹೊರಟು ಬೆಳಿಗ್ಗೆ ತಲುಪುತ್ತದೆ. 2001ರಿಂದ ಓಡುತ್ತಿರುವ ಎರಡು ದೊಡ್ಡ ಹಡಗುಗಳಿವು. ಊಟ, ಹಾಸಿಗೆಯ ಮಾತು ಆಮೇಲೆ. ಸರಕು ಲಾರಿಯವರು ಇದಕ್ಕೆ ದುಡ್ಡು ಕೊಡುವುದು ನಿಯಮ ಕೇಳುವ ದಿನದ 11 ಗಂಟೆ ವಿಶ್ರಾಂತಿ ಹಡಗಿನಲ್ಲೇ ಮುಗಿಯಲಿ ಅಂತ.

ಇಲ್ಲಿ ಟಿಕೆಟ್ ಮೋಸ ಮಾಡುತ್ತದೆ. 20:30ಕ್ಕೆ ಹೊರಟು 8:00ಕ್ಕೆ ತಲುಪುತ್ತದೆ ಎಂದಿಟ್ಟುಕೊಳ್ಳಿ. ನೋಡಲು ಹನ್ನೊಂದೂವರೆ ಗಂಟೆ. ಆದರೆ ಡಚ್ ಗಡಿಯಾರ ಒಂದು ಗಂಟೆ ಮುಂದಿದೆ, ಸಿಗುವುದು ಹತ್ತೂವರೆ. ಡ್ರೈವರ್‌ನ ಓಟ, ವಿಶ್ರಾಂತಿ ದಾಖಲಿಸುವ ಲಾರಿಯ ಯಂತ್ರ ಟ್ಯಾಕೋಗ್ರಾಫ್ ಲೆಕ್ಕವಿಡುವುದು ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಸಮಯದಲ್ಲಿ, ಅದಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ. ಹಾಗಾಗಿ ಡೆಕ್ಕಿನಲ್ಲಿ ಚಕ್ರ ನಿಂತ ಗಳಿಗೆಯೇ ಮುಖ್ಯ. 19:20ಕ್ಕೆ ಹತ್ತಿದವರಿಗೆ ತಲುಪುವ ಹೊತ್ತಿಗೆ 11 ಗಂಟೆ 40 ನಿಮಿಷ ಆಗಿರುತ್ತದೆ, ಯಾವ ವಿನಾಯಿತಿಯೂ ಬೇಡ. ಕೊನೆಯ ಸಾಲಿನಲ್ಲಿ 20:10ಕ್ಕೆ ಹತ್ತಿದವರಿಗೆ ಹತ್ತು ನಿಮಿಷ ಕಡಿಮೆ.

ಆ ಹತ್ತು ನಿಮಿಷಕ್ಕಾಗಿಯೇ ಇರುವುದು ಯುರೋಪಿನ 561/2006 ನಿಯಮದ 9ನೇ ವಿಧಿ. ಬಂದರಿನಲ್ಲಿ ಶುರು ಮಾಡಿದ 11 ಗಂಟೆಯ ವಿಶ್ರಾಂತಿಯನ್ನು ಹತ್ತಲು, ಇಳಿಯಲು ಎರಡು ಸಲ ಮುರಿಯಬಹುದು. ಎರಡೂ ಸೇರಿ ಒಂದು ಗಂಟೆ ಮೀರಬಾರದು, ಮಲಗಲು ಬಂಕ್ ಅಥವಾ ಕ್ಯಾಬಿನ್ ಇರಬೇಕು. ಮುರಿದ ನಿಮಿಷಗಳು 11ರಲ್ಲಿ ಸೇರುವುದಿಲ್ಲ. 9 ಗಂಟೆಯ ಕಿರು ವಿಶ್ರಾಂತಿಗೆ ಈ ಸೌಲಭ್ಯವೂ ಇಲ್ಲ.

ಎಡವುವುದು ಸಾಮಾನ್ಯವಾಗಿ ಹಡಗಿನಲ್ಲಲ್ಲ, ಬಂದರಿನ ಸಾಲಿನಲ್ಲಿ. ಟ್ಯಾಕೋಗ್ರಾಫ್‌ನಲ್ಲಿ ವಿಶ್ರಾಂತಿಯ ಬೆಡ್ ಚಿಹ್ನೆ ಒತ್ತಿ ಕಾಲು ಚಾಚಿದ ಮೇಲೆ "ಪಕ್ಕದ ಲೇನಿಗೆ ಹೋಗಿ" ಎಂದರೆ ಎರಡರಲ್ಲಿ ಒಂದು ಅಡ್ಡಿ ಅಲ್ಲಿಗೇ ಖರ್ಚು. ಹತ್ತುವುದು ಎರಡನೆಯದು. ಇಳಿಯುವ ಮುನ್ನ 11 ಕೂಡಿರದಿದ್ದರೆ ಇಡೀ ರಾತ್ರಿ ನೀರಿಗೆ ಬಿದ್ದ ಹಾಗೆ. ಕೊನೆಯ ಲೇನ್ ಯಾವುದೆಂದು ಖಚಿತವಾದ ಮೇಲೆಯೇ ವಿಶ್ರಾಂತಿ ಶುರುವಾಗಲಿ.

ಇನ್ನೊಂದು: ಲಾರಿ ನಿಂತ ಕೂಡಲೇ ಟ್ಯಾಕೋಗ್ರಾಫ್ ತಾನಾಗಿಯೇ ಸುತ್ತಿಗೆ ಚಿಹ್ನೆಗೆ, ಅಂದರೆ ಇತರೆ ಕೆಲಸಕ್ಕೆ ಹೊರಳುತ್ತದೆ. ಡೆಕ್ಕಿನಲ್ಲಿ ಮತ್ತೆ ಬೆಡ್ ಒತ್ತದೆ ಮೇಲೆ ಹೋದರೆ ನಿದ್ದೆಯೆಲ್ಲ ಕೆಲಸವೆಂದು ದಾಖಲಾಗುತ್ತದೆ. ಮೆನುವಿನಲ್ಲಿ ಫೆರಿ/ರೈಲು ನಮೂದನ್ನೂ ಹಾಕಿ. ಅದಿಲ್ಲದಿದ್ದರೆ ತಪಾಸಣೆಯವರಿಗೆ ಕಾಣುವುದು ಮುರಿದ ವಿಶ್ರಾಂತಿ ಮಾತ್ರ. ಹಡಗು ಸಾಗುವಾಗ ವಾಹನದ ಡೆಕ್ಕಿನಲ್ಲಿ ಇರುವಂತಿಲ್ಲ, ಆದ್ದರಿಂದ ಲಾರಿಯೊಳಗಿನ ಹಾಸಿಗೆ ದಡದಲ್ಲಷ್ಟೇ ಉಪಯೋಗ.

ಬೇರೆ ದಾರಿಗಳು? ಡೋವರ್–ಕ್ಯಾಲೆ ಸುಮಾರು 90 ನಿಮಿಷ. ನಾಲ್ಕೂವರೆ ಗಂಟೆ ಓಡಿಸಿದ ಮೇಲಿನ 45 ನಿಮಿಷದ ಬಿಡುವಿಗೆ ಚೆನ್ನ, ಅಷ್ಟೇ. ಹಾರ್ವಿಚ್–ಹುಕ್ ಆಫ್ ಹಾಲೆಂಡ್ ಏಳು ಗಂಟೆಯ ಆಸುಪಾಸು, ಉಳಿದದ್ದನ್ನು ದಡದಲ್ಲೇ ತುಂಬಿಸಬೇಕು. ಐರ್ಲೆಂಡಿನಿಂದ ಫ್ರಾನ್ಸಿಗೆ ಹೋಗುವ ರಾಸ್ಲೇರ್–ಡನ್‌ಕರ್ಕ್ ಹೆಚ್ಚೂಕಡಿಮೆ ಒಂದು ದಿನ. 2020ರ ತಿದ್ದುಪಡಿಯ ನಂತರ ವಾರದ ವಿಶ್ರಾಂತಿಗೂ ಫೆರಿ ವಿನಾಯಿತಿ ಸಿಕ್ಕಿದೆ. ಆದರೆ ಪೂರ್ಣ 45 ಗಂಟೆಯದ್ದಕ್ಕೆ ಪಯಣ ಕನಿಷ್ಠ 8 ಗಂಟೆಯದ್ದಾಗಿರಬೇಕು, ಕ್ಯಾಬಿನ್ ಬೇಕೇ ಬೇಕು, ದಡದ ಪಾಲನ್ನು ಲಾರಿಯೊಳಗೆ ಮಲಗಿ ಕಳೆಯುವಂತಿಲ್ಲ.

ದಿನದ ವಿಶ್ರಾಂತಿಗೆ ನಮ್ಮ ಮತ ಹಲ್‌ಗೇ. ಬೇಗ ಹತ್ತಿದರೆ ಮಾತ್ರ.