ನಾಯಿಮರಿಗೆ 36 ಇಂಚಿನ ಕ್ರೇಟ್: ಎರಡೂವರೆ ವರ್ಷ ಬಳಸಿದ ಮೇಲೆ

ಮರಿ ತಂದವರು ಕ್ರೇಟ್, ಅಂದರೆ ನಾಯಿ ಒಳಗೆ ಮಲಗುವ ಬೋನಿನಂಥ ಪೆಟ್ಟಿಗೆ, ತಗೊಳ್ಳಲೋ ಬೇಡವೋ ಎಂದು ಕೇಳಿದರೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿಕೊಂಡು ಹೋಗಿ ಸಂಜೆ ಆರಕ್ಕೆ ಬರುವ ಮನೆಯಾದರೆ ದಯವಿಟ್ಟು ತಗೊಳ್ಳಬೇಡಿ. ಯಾರಾದರೂ ಒಬ್ಬರು ಇರುತ್ತೀರಿ, ಮೊದಲ ಕೆಲವು ವಾರ ರಾತ್ರಿ ನಿದ್ದೆಗೆಡಲು ತಯಾರಿದ್ದೀರಿ ಅಂದರೆ ತಗೊಳ್ಳಿ. ನಾಯಿಗೆಂದು ನಾನು ದುಡ್ಡು ಕೊಟ್ಟು ತಂದ ಸಾಮಾನಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ನಮ್ಮ ಚುಕ್ಕಿ ಬೀದಿಯಲ್ಲಿ ಹುಟ್ಟಿದ ದೇಸಿ ಮರಿ. ಎರಡು ತಿಂಗಳಿದ್ದಾಗ ಮೈಸೂರಿನ ನಮ್ಮ ಮನೆಗೆ ಬಂದಳು, ಈಗ ಹದಿನೆಂಟು ಕೆಜಿ ಇದ್ದಾಳೆ. ತಂದದ್ದು ಮಡಚಿಡಬಹುದಾದ ತಂತಿಯ ಕ್ರೇಟ್. ಎರಡು ಬಾಗಿಲು, ಕೆಳಗೆ ಎಳೆದು ತೆಗೆಯುವ ಪ್ಲಾಸ್ಟಿಕ್ ಟ್ರೇ, ಜೊತೆಗೆ ಒಳಗಿನ ಜಾಗ ಕಿರಿದಾಗಿಸಲು ಅಡ್ಡ ಹಾಕುವ ಒಂದು ಡಿವೈಡರ್. ನಾಲ್ಕು ಸಾವಿರದ ಚಿಲ್ಲರೆ ಆಯಿತು. ಡಿವೈಡರ್ ಇಲ್ಲದ್ದನ್ನು ಮಾತ್ರ ಕೊಳ್ಳಬೇಡಿ. ನಾಯಿ ತಾನು ಮಲಗುವ ಜಾಗವನ್ನು ಸಾಮಾನ್ಯವಾಗಿ ಗಲೀಜು ಮಾಡಿಕೊಳ್ಳುವುದಿಲ್ಲ. ಕ್ರೇಟ್ ಅಭ್ಯಾಸವೆಲ್ಲ ನಿಂತಿರುವುದು ಅದರ ಮೇಲೆ. ಜಾಗ ತೀರಾ ದೊಡ್ಡದಾದರೆ ಮರಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯಲ್ಲಿ ಉಚ್ಚೆ ಮಾಡುತ್ತದೆ. ನಿಂತುಕೊಳ್ಳಲು, ತಿರುಗಲು, ಕಾಲು ಚಾಚಿ ಮಲಗಲು ಆಗುವಷ್ಟು ಬಿಟ್ಟು ಅಡ್ಡ ಹಾಕಿದರೆ ಸಾಕು. ಮರಿ ಬೆಳೆದಂತೆ ಹಿಂದಕ್ಕೆ ಸರಿಸುತ್ತಾ ಹೋಗಬಹುದು.

ಪೆಟ್ಟಿಗೆ ಬಿಚ್ಚಿದ ದಿನ ನಮ್ಮತ್ತೆ ಅಡುಗೆಮನೆಯಿಂದ ಬಂದು ನೋಡಿದರು. "ಇದೇನಮ್ಮಾ, ಚಿರತೆ ಹಿಡಿಯೋ ಬೋನು ತಂದಿದ್ದೀಯಾ? ಅಷ್ಟು ಸಣ್ಣ ಮರೀನ ಇದರೊಳಗೆ ಕೂಡಿ ಹಾಕಕ್ಕೆ ನಿಂಗೆ ಮನಸ್ಸು ಹೆಂಗೆ ಬರುತ್ತೆ?" ಅವರು ಬೆಳೆದ ಊರಲ್ಲಿ ನಾಯಿ ಜಗಲಿ ಮೇಲೆ ಮಲಗುತ್ತಿತ್ತು, ಬೇಕಾದಾಗ ಹೊಲಕ್ಕೆ ಹೋಗಿ ಬರುತ್ತಿತ್ತು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಈಗಲೂ ಹಾಕುವುದಿಲ್ಲ. ಅಮೆರಿಕದಲ್ಲಿ ಎಷ್ಟೋ ಜನ ಮರಿಯ ಜೊತೆಗೇ ಕ್ರೇಟನ್ನೂ ಕೊಳ್ಳುತ್ತಾರೆ. ಸ್ವೀಡನ್‌ನಲ್ಲಿ ನಾಯಿಯನ್ನು ಮನೆಯೊಳಗೆ ಪಂಜರದಲ್ಲಿ ಕೂಡಿಡಲು ಕಾನೂನೇ ಬಿಡುವುದಿಲ್ಲ. ಆದರೆ ನಮ್ಮ ಮನೆ ಮುಂದೆ ಜಗಲಿ ಇಲ್ಲ, ಬಸ್ಸು ಓಡಾಡುವ ರಸ್ತೆ ಇದೆ. ಗೇಟಿಗೆ ಚೈನಿನಲ್ಲಿ ಕಟ್ಟಿಹಾಕುವುದು ನನಗೆ ಬೇಡವಾಗಿತ್ತು.

ಮೊದಲ ನಾಲ್ಕು ದಿನ ಬಾಗಿಲು ಹಾಕಲೇ ಇಲ್ಲ. ಊಟದ ತಟ್ಟೆಯನ್ನು ಒಳಗೆ, ದಿನಕ್ಕೊಂದಿಷ್ಟು ಹಿಂದಕ್ಕೆ ಇಡುತ್ತಾ ಹೋದೆ. ಐದನೇ ದಿನ ಅವಳು ತಿನ್ನುವಾಗ ಬಾಗಿಲು ಹಾಕಿ, ತಿಂದು ತಲೆ ಎತ್ತುವ ಮೊದಲೇ ತೆಗೆದೆ. ಆಮೇಲೆ ಒಂದು ನಿಮಿಷ, ಐದು ನಿಮಿಷ. ಇಲ್ಲಿ ಆತುರಪಟ್ಟರೆ ಮುಂದಿನದೆಲ್ಲ ಕೆಡುತ್ತದೆ.

ರಾತ್ರಿ ಕ್ರೇಟನ್ನು ನನ್ನ ಹಾಸಿಗೆಗೆ ತಾಗಿಸಿಯೇ ಇಟ್ಟಿದ್ದೆ. ನಡುಮನೆಯಲ್ಲಿ ಇಟ್ಟು ಅಳಲು ಬಿಡಿ, ತಾನೇ ಸುಮ್ಮನಾಗುತ್ತದೆ ಎಂದು ಹೇಳಿದವರಿದ್ದರು. ನನಗೆ ಆಗಲಿಲ್ಲ, ನಿಮಗೂ ಹೇಳುವುದಿಲ್ಲ. ತಾಯಿ, ಒಡಹುಟ್ಟಿದವರ ಮೈಗೆ ಒತ್ತಿಕೊಂಡು ಮಲಗಿದ್ದ ಜೀವ ಅದು. ಅವಳು ಕುಂಯ್‌ಗುಟ್ಟಿದಾಗ ಕೈ ಇಳಿಬಿಟ್ಟು ಎರಡು ಬೆರಳು ತಂತಿಯೊಳಗೆ ತೂರಿಸುತ್ತಿದ್ದೆ. ಒದ್ದೆ ಮೂಗು ಬೆರಳಿಗೆ ತಾಗುತ್ತಿತ್ತು, ಒಂದು ನಿಟ್ಟುಸಿರು ಕೇಳುತ್ತಿತ್ತು, ಆಮೇಲೆ ಮೌನ. ಬೆರಳಿಗೂ ಸುಮ್ಮನಾಗದಿದ್ದರೆ ಉಚ್ಚೆ ಬಂದಿದೆ ಎಂದೇ ಅರ್ಥ. ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದೆ. ರಾತ್ರಿ ಹನ್ನೊಂದು, ಎರಡು, ಐದೂವರೆ, ಇದು ನಮ್ಮ ವೇಳಾಪಟ್ಟಿ. ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಎರಡು ಗಂಟೆಯ ಸರದಿ ತಾನಾಗಿ ನಿಂತಿತು. ಹಗಲಿನ ಲೆಕ್ಕ ಬೇರೆ. ವಯಸ್ಸು ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ಕ್ರೇಟಿನಲ್ಲಿ ಬಿಡಬಹುದು ಎನ್ನುತ್ತಾರೆ, ನಾನು ಅದರಲ್ಲೂ ಅರ್ಧವನ್ನೇ ಪಾಲಿಸಿದೆ.

ಒಂದು ಸಲ ಪಾಲಿಸಲಿಲ್ಲ. ಅವಳಿಗೆ ಮೂರು ತಿಂಗಳು. ಮನೆಯವರೆಲ್ಲ ನಂಜನಗೂಡಿಗೆ ಮದುವೆಗೆ ಹೋದೆವು, ಎರಡು ಗಂಟೆಯಲ್ಲಿ ಬರುತ್ತೇವೆ ಎಂದುಕೊಂಡದ್ದು ನಾಲ್ಕೂವರೆ ಆಯಿತು. ಬಂದು ನೋಡಿದರೆ ಹಾಸಿದ್ದ ಬಟ್ಟೆಯೆಲ್ಲ ಒದ್ದೆ, ತಂತಿಗೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಚರ್ಮ ತರಚಿತ್ತು. ಬಾಗಿಲು ತೆಗೆದರೆ ಅವಳು ನನ್ನ ಹತ್ತಿರ ಬರಲಿಲ್ಲ, ಮಂಚದ ಕೆಳಗೆ ಹೋಗಿ ಕೂತಳು. ಆಮೇಲೆ ಹತ್ತು ದಿನ ಕ್ರೇಟಿನ ಒಳಗೆ ಕಾಲಿಡಲಿಲ್ಲ. ಮತ್ತೆ ಮೊದಲಿನಿಂದ, ತಟ್ಟೆ ಬಾಗಿಲ ಬಳಿ ಇಟ್ಟು ಶುರು ಮಾಡಬೇಕಾಯಿತು. ಕೊರಳಪಟ್ಟಿಯನ್ನಾದರೂ ಬಿಚ್ಚಿ ಹೋಗಿದ್ದೆ ಎಂಬುದೊಂದೇ ಸಮಾಧಾನ. ಪಟ್ಟಿ ತಂತಿಗೆ ಸಿಕ್ಕಿಕೊಂಡರೆ ಮರಿ ಉಸಿರುಗಟ್ಟಿಯೇ ಹೋಗಬಹುದು. ಒಳಗೆ ಬಿಡುವಾಗ ಪ್ರತಿ ಸಲ ಬಿಚ್ಚಿ.

ವಸ್ತುವಿನ ಬಗ್ಗೆ ಹೇಳುವುದಾದರೆ, ಚಿಲಕಗಳು ಇನ್ನೂ ಗಟ್ಟಿಯಾಗಿವೆ. ಉಚ್ಚೆ ಬಿದ್ದ ಕಡೆ ತಂತಿಯ ಕಪ್ಪು ಬಣ್ಣ ಎದ್ದು ತುಕ್ಕು ಹಿಡಿದಿದೆ. ಹಲ್ಲು ಬರುವಾಗ ಟ್ರೇಯ ಒಂದು ಅಂಚನ್ನು ಚುಕ್ಕಿ ಕಡಿದು ಹಾಕಿದಳು. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ. ಕಾಲಿಗೆ ಕೊಟ್ಟ ರಬ್ಬರು ಆರು ತಿಂಗಳಲ್ಲಿ ಉದುರಿ ಎರಡು ಗೀರು ಬಿದ್ದಿವೆ, ಈಗ ಕೆಳಗೆ ಗೋಣಿತಾಟು ಹಾಕಿದ್ದೇನೆ. ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗ ಹಾಸಿಗೆ, ಟ್ರೇ ಎರಡನ್ನೂ ತೆಗೆದಿಡುತ್ತೇನೆ. ನೆಲದ ತಂಪು ಅವಳಿಗೆ ಇಷ್ಟ. ಎಲ್ಲ ಕಡೆ ಮುಚ್ಚಿದ ಪ್ಲಾಸ್ಟಿಕ್ ಕ್ರೇಟ್ ನಮ್ಮ ಬೇಸಿಗೆಗೆ ಆಗಿಬರುವುದಿಲ್ಲ ಎಂದು ನನಗನಿಸುತ್ತದೆ.

ಇದರ ನಿಜವಾದ ಬೆಲೆ ತಿಳಿದದ್ದು ಏಳನೇ ತಿಂಗಳಲ್ಲಿ, ಸಂತಾನಹರಣ ಆಪರೇಷನ್ ಆದಾಗ. ಹತ್ತು ದಿನ ಜಿಗಿಯಬಾರದು, ಓಡಬಾರದು ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ಅದು ಅವಳ ಜಾಗವೇ ಆಗಿದ್ದರಿಂದ ಹಟವಿಲ್ಲದೆ ಮಲಗಿದಳು, ಹೊಲಿಗೆ ಬಿಚ್ಚಲಿಲ್ಲ. ದೀಪಾವಳಿಯ ರಾತ್ರಿ ಪಟಾಕಿ ಶುರುವಾದರೆ ತಾನೇ ಒಳಗೆ ಹೋಗುತ್ತಾಳೆ. ಮೇಲೆ ದಪ್ಪ ಜಮಖಾನ ಹೊದಿಸುತ್ತೇವೆ, ಬಾಗಿಲು ಎಂದೂ ಹಾಕಿದ್ದಿಲ್ಲ.

ಒಂದು ವರ್ಷದ ಮೇಲೆ ಬಾಗಿಲು ಹಾಕುವ ಅಗತ್ಯವೇ ಬೀಳಲಿಲ್ಲ, ಕಳೆದ ಯುಗಾದಿಗೆ ಬಾಗಿಲನ್ನೇ ಕಳಚಿಟ್ಟೆ. ಒಳಗಿರುವುದು ಅತ್ತೆಯ ಹಳೇ ನೂಲಿನ ಸೀರೆ, ನಾಲ್ಕು ಮಡಿಕೆ. ವಾರಕ್ಕೊಮ್ಮೆ ಒಗೆದು ಹಾಸುವುದೂ ಅವರೇ. ಡಿವೈಡರ್ ಅಟ್ಟದ ಮೇಲಿದೆ, ಮೈಸೂರಿನಲ್ಲಿ ಇದೇ ಅಳತೆಯ ಕ್ರೇಟ್ ಇರುವವರಿಗೆ ಬೇಕಿದ್ದರೆ ಕೊಡುತ್ತೇನೆ.